ಪದಚರ್ಚೆ: ‘ವೈಫೈ ಹತ್ತವಲ್ದು’ – ಲಿನಕ್ಸ್ ಕೈಪಿಡಿಗೆ ಯಾವ ಕ್ರಿಯಾಪದ?

ಪ್ರಶ್ನೆ (ಗದಗದಿಂದ)

ಎಲ್ಲರಿಗೂ ನಮಸ್ಕಾರ.

ಪದವಿ ಕಾಲೇಜಿನ ವಿದ್ಯಾರ್ಥಿಗಳಿಗಾಗಿ ಒಂದು ಸಣ್ಣ ಕೈಪಿಡಿ ಅಚ್ಚಿಗೆ ಹೋಗಬೇಕಾಗಿದೆ. ಲಿನಕ್ಸ್ ಕಾರ್ಯವ್ಯವಸ್ಥೆಯ ಬಗೆಗಳಾದ ಉಬುಂಟು ಅಥವಾ ಡೆಬಿಯನ್ ಹಾಕಿದ ಲ್ಯಾಪ್‌ಟಾಪಿನಲ್ಲಿ ವೈಫೈ ಕೈಕೊಟ್ಟಾಗ ಮೊದಲು ಏನು ನೋಡಬೇಕು, ಆಮೇಲೆ ಏನು ನೋಡಬೇಕು ಎಂಬುದಷ್ಟೇ ವಿಷಯ. ಓದುವವರು ಗದಗ, ಹಾವೇರಿ, ಹುಬ್ಬಳ್ಳಿ-ಧಾರವಾಡದವರು. ಹಂತಗಳೆಲ್ಲ ಬರೆದಾಗಿವೆ, ಪದಗಳಲ್ಲಿ ತೊಡಕು ಉಳಿದಿದೆ.

ಕರಡಿನ ತುಂಬ ‘ಕನೆಕ್ಟ್ ಆಗುತ್ತಿಲ್ಲ’ ಬಂದಿತ್ತು. ತಿದ್ದಿದವರು ಅದನ್ನು ‘ಸಂಪರ್ಕ ಸಾಧ್ಯವಾಗುತ್ತಿಲ್ಲ’ ಎಂದು ಮಾಡಿದ್ದಾರೆ. ಹುಡುಗರ ಬಾಯಲ್ಲಿರುವುದು ‘ವೈಫೈ ಹತ್ತವಲ್ದು’. ಇದನ್ನು ಅಚ್ಚಿನಲ್ಲಿ ಬಳಸಬಹುದೇ? ಬಳಸಿದರೆ ಹೇಗೆ ಬರೆಯಬೇಕು: ‘ಹತ್ತವಲ್ದು’, ‘ಹತ್ತಒಲ್ದು’, ‘ಹತ್ತಲೊಲ್ಲದು’?

ಇನ್ನು ಮೂರು ಸಣ್ಣ ಪ್ರಶ್ನೆಗಳು. ‘ಆರ್‌ಎಫ್‌ಕಿಲ್’ ಎಂಬ, ವೈಫೈ ತಡೆಗಳನ್ನು ಪರೀಕ್ಷಿಸುವ ಆದೇಶ ತೋರಿಸುವ ‘ಸಾಫ್ಟ್ ಬ್ಲಾಕ್ಡ್’, ‘ಹಾರ್ಡ್ ಬ್ಲಾಕ್ಡ್’ಗಳನ್ನು ಕರಡಿನಲ್ಲಿ ‘ಮೆದು ತಡೆ’, ‘ಗಡಸು ತಡೆ’ ಎಂದಿದ್ದೇವೆ, ಸರಿಯೇ? ಡ್ರೈವರಿಗೆ ‘ಚಾಲಕ’ ಎನ್ನಬೇಕೇ, ಹಾಗಾದರೆ ಫರ್ಮ್‌ವೇರಿಗೆ ಏನು? ಸಿಗ್ನಲ್ಲಿಗೆ ಹುಡುಗರು ‘ರೇಂಜ್’ ಎಂದೂ ‘ಟವರ್’ ಎಂದೂ ಅನ್ನುತ್ತಾರೆ, ಎರಡರಲ್ಲಿ ಯಾವುದು?

ಉತ್ತರ (ಧಾರವಾಡದಿಂದ)

ಮೇಡಂ, ನಮಸ್ಕಾರ.

ಬಳಸಬಹುದೇ ಎಂದು ಕೇಳಿದ್ದೀರಿ. ಬಳಸಲೇಬೇಕು ಎಂಬುದು ನನ್ನ ಅಭಿಪ್ರಾಯ, ಅದೂ ಅಧ್ಯಾಯದ ತಲೆಬರಹದಲ್ಲಿಯೇ. ‘ಸಂಪರ್ಕ ಸಾಧ್ಯವಾಗುತ್ತಿಲ್ಲ’ ಎಂಬ ಮಾತಿನ ಕೆಳಗೆ ನಾಲ್ಕು ಬೇರೆ ಬೇರೆ ತೊಂದರೆಗಳು ಸೇರಿಕೊಳ್ಳುತ್ತವೆ. ನಮ್ಮ ಕಡೆಯ ಮಾತು ಅವನ್ನು ಆಗಲೇ ಬೇರೆ ಮಾಡಿ ಇಟ್ಟಿದೆ: ಹೆಸರು ಕಾಣವಲ್ದು; ಕಾಣತೈತಿ, ಹತ್ತವಲ್ದು; ಹತ್ತೈತಿ, ನೆಟ್ ಬರವಲ್ದು; ಹತ್ತತೈತಿ, ಬಿಡತೈತಿ. ಹುಡುಗ ಇವುಗಳಲ್ಲಿ ಯಾವ ಮಾತು ಆಡಿದ ಎಂದು ಕಿವಿಗೊಟ್ಟರೆ ಯಾವ ಪುಟ ತೆರೆಯಬೇಕೆಂದು ಗೊತ್ತಾಗುತ್ತದೆ.

ಇದು ಬರಿಯ ಆಡುಮಾತಿನ ಅಭಿಮಾನವೆಂದು ತಿಳಿಯಬೇಡಿ. ಲಿನಕ್ಸಿನಲ್ಲಿ ವೈಫೈ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ತನ್ನ ಪ್ರತಿ ಹಂತಕ್ಕೂ ಒಂದು ಅಂಕಿ ಇಟ್ಟಿದೆ. ‘ಎನ್‌ಎಂಸಿಎಲ್‌ಐ ಡಿವೈಸ್ ಶೋ’ ಎಂದು ಕೊಟ್ಟರೆ ‘ಜನರಲ್ ಸ್ಟೇಟ್’ ಸಾಲಿನಲ್ಲಿ ಆ ಅಂಕಿ ಬರುತ್ತದೆ. 20 ಎಂದರೆ ಕಾರ್ಡ್ ಇದೆ, ಕೆಲಸಕ್ಕೆ ಸಿದ್ಧವಿಲ್ಲ. 30 ಎಂದರೆ ಸಿದ್ಧವಿದೆ, ಯಾವ ಜಾಲಕ್ಕೂ ಸೇರಿಲ್ಲ. 40, 50, 60 ಎಂದರೆ ಸೇರುವ ಪ್ರಯತ್ನ ನಡೆದಿದೆ. 60ರಲ್ಲಿ ಪಾಸ್‌ವರ್ಡಿನ ಮಾತು. 70 ಎಂದರೆ ಸೇರಿದೆ, ಐಪಿ ವಿಳಾಸಕ್ಕೆ ಕಾಯುತ್ತಿದೆ. 100 ಎಂದರೆ ಎಲ್ಲ ಮುಗಿದಿದೆ. 120 ಎಂದರೆ ಸೋತಿದೆ. ಈಗ ನಮ್ಮ ಮಾತುಗಳನ್ನು ಪಕ್ಕಕ್ಕಿಡಿ: 20 ಮತ್ತು 30ರಲ್ಲಿ ನಿಂತದ್ದು ‘ಕಾಣವಲ್ದು’, 40ರಿಂದ 60ರ ನಡುವೆ ಸಿಕ್ಕಿಕೊಂಡದ್ದು ‘ಹತ್ತವಲ್ದು’, 70ರಲ್ಲೋ 100ರ ಆಚೆಗೋ ಕೆಟ್ಟದ್ದು ‘ಬರವಲ್ದು’, 100 ಮುಟ್ಟಿ ಮತ್ತೆ 30ಕ್ಕೆ ಬೀಳುವುದು ‘ಬಿಡತೈತಿ’. 50ರಲ್ಲಿರುವಾಗ ನಮ್ಮವರು ಹೇಳುವ ‘ಹತ್ತಾಕತ್ತೈತಿ’ ಎಂಬ ಒಂದೇ ಪದದಲ್ಲಿ ಹತ್ತು ಎಂಬ ಧಾತು ಎರಡು ಸಲ ಇದೆ, ಒಮ್ಮೆ ಸೇರುವ ಅರ್ಥದಲ್ಲಿ, ಒಮ್ಮೆ ಕ್ರಿಯೆ ನಡೆಯುತ್ತಿದೆ ಎಂಬ ಸಹಾಯಕ ರೂಪದಲ್ಲಿ. ತೆರೆಯ ಮೇಲಿನ ‘ಕನೆಕ್ಟಿಂಗ್’ಗೆ ಇದಕ್ಕಿಂತ ಬಿಗಿಯಾದ ಕನ್ನಡ ನನಗೆ ಕಾಣದು.

ಹತ್ತು ಎಂದರೆ ಏರುವುದು ಮಾತ್ರವೆಂದು ದಕ್ಷಿಣದವರು ಆಕ್ಷೇಪಿಸಿಯಾರು. ಹಳಗನ್ನಡದ ‘ಪತ್ತು’ವಿಗೆ ಅಂಟು, ಕೂಡಿಕೊ ಎಂಬ ಅರ್ಥ ಉಂಟು, ಬಸ್ ಹತ್ತುವುದು, ದೀಪ ಹತ್ತುವುದು, ಫೋನ್ ಹತ್ತುವುದು ಎಲ್ಲ ಅಲ್ಲಿಂದ ಬಂದ ಬಳಕೆಗಳೇ. ಒಂದು ಎಚ್ಚರ ಮಾತ್ರ ಬೇಕು. ‘ಹತ್ತಿಕೊಂಡಿತು’ ಎಂದು ಎಲ್ಲಿಯೂ ಬರೆಯಬೇಡಿ, ಅದು ಬೆಂಕಿಗೆ ಮೀಸಲಾದ ರೂಪ. ಬ್ಯಾಟರಿ ಇರುವ ಯಂತ್ರದ ಕೈಪಿಡಿಯಲ್ಲಿ ಆ ಗೊಂದಲ ಇರಕೂಡದು.

ಇನ್ನು ನಿಷೇಧರೂಪ. ಇಲ್ಲಿ ವಿಷಯ ಇನ್ನೂ ಸೂಕ್ಷ್ಮವಾಗಿದೆ. ‘ಹತ್ತಲಿಲ್ಲ’ ಎಂದರೆ ಪ್ರಯತ್ನ ಆಗಿಹೋಯಿತು. ‘ಹತ್ತವಲ್ದು’ ಎಂದರೆ ಈಗ, ನಾವು ಕೂತು ಮಾಡುತ್ತಿರುವಾಗ, ಆಗುತ್ತಿಲ್ಲ. ‘ಒಲ್ಲದು’ ಇದರ ಮೂಲ, ಹಟದ ಛಾಯೆ ಇನ್ನೂ ಉಳಿದಿದೆ. ‘ಹತ್ತಂಗಿಲ್ಲ’ ಎಂದರೆ ಎಷ್ಟು ಸಲ ಮಾಡಿದರೂ ಆಗುವ ಹಾಗಿಲ್ಲ. ರಿಪೇರಿಯ ದೃಷ್ಟಿಯಿಂದ ಕೊನೆಯ ಎರಡರ ನಡುವೆ ದೊಡ್ಡ ಅಂತರವಿದೆ. ರಿಯಲ್‌ಟೆಕ್ 8723ಬಿಇ, ಕ್ವಾಲ್‌ಕಾಮ್ 9565, ಬ್ರಾಡ್‌ಕಾಮ್ 43142 ಇವೆಲ್ಲ ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಲ್ಲಿ ಬಂದ ಕಾರ್ಡುಗಳು, 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು. ರೂಟರಿನ 5 ಗಿಗಾಹರ್ಟ್ಸ್ ಹೆಸರು ಇವುಗಳಿಗೆ ‘ಕಾಣಂಗಿಲ್ಲ’. ಅಲ್ಲಿ ಆದೇಶಗಳನ್ನು ಕೊಡುತ್ತ ಕೂರುವುದು ವ್ಯರ್ಥ. ಎರಡೂ ಬ್ಯಾಂಡಿನ ಯುಎಸ್‌ಬಿ ಅಡಾಪ್ಟರ್ ಹಾಕಬೇಕು, ಇಲ್ಲವೇ 2.4ರ ಹೆಸರನ್ನು ಆರಿಸಬೇಕು. ಕೈಪಿಡಿಯಲ್ಲಿ ‘ವಲ್ದು’ ಬಂದ ಕಡೆ ಓದುಗ ಪ್ರಯತ್ನ ಮುಂದುವರಿಸಲಿ, ‘ಂಗಿಲ್ಲ’ ಬಂದ ಕಡೆ ನಿಲ್ಲಿಸಲಿ. ಬರವಣಿಗೆಗೆ ‘ಹತ್ತವಲ್ದು’ ಸಾಕು. ‘ಹತ್ತಲೊಲ್ಲದು’ ಪೂರ್ಣರೂಪ ಹೌದು, ಆದರೆ ಹಾಗೆ ಯಾರೂ ಮಾತಾಡುವುದಿಲ್ಲ.

ಇನ್ನು ಒಂದೊಂದು ತಲೆಬರಹದ ಕೆಳಗೆ ಏನಿರಬೇಕು ಎಂಬುದು. ಆದೇಶಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಯಂತ್ರಕ್ಕೆ ಕೊಡುವಾಗ ರೋಮನ್ ಸಣ್ಣಕ್ಷರವೇ ಬೇಕು.

‘ಕಾಣವಲ್ದು’ ಎಂದಾಗ ಕಾಣದಿರುವುದು ಕಾರ್ಡೋ ಜಾಲದ ಹೆಸರೋ ಎಂದು ಮೊದಲು ಕೇಳಬೇಕು. ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕೊಟ್ಟು ‘ನೆಟ್‌ವರ್ಕ್ ಕಂಟ್ರೋಲರ್’ ಸಾಲು ಹುಡುಕಿ. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇಲ್ಲದಿದ್ದರೆ ಡ್ರೈವರ್ ಕೂತಿಲ್ಲ. ಸಾಲು ಇದ್ದು ವೈಫೈ ಇಲ್ಲದಿದ್ದರೆ ‘ಡಿಮೆಸೇಜ್’ ಆದೇಶದ ಫಲಿತಾಂಶದಲ್ಲಿ ‘ಫರ್ಮ್‌ವೇರ್’ ಎಂದು ಹುಡುಕಿ. ‘ಫೇಲ್ಡ್ ವಿತ್ ಎರರ್ -2’ ಎಂದಿದ್ದರೆ ಕಡತವೇ ಇಲ್ಲ ಎಂದರ್ಥ. ಡ್ರೈವರಿಗೆ ‘ಚಾಲಕ’ ಎನ್ನಬೇಕೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಡ್ರೈವರ್ ಎಂಬುದು ಲಿನಕ್ಸಿನ ತಿರುಳಾದ ಕರ್ನಲ್ ಒಳಗೆ, ಲ್ಯಾಪ್‌ಟಾಪಿನ ಪ್ರೊಸೆಸರಿನಲ್ಲಿ ಓಡುವ ತಂತ್ರಾಂಶದ ತುಣುಕು. ಫರ್ಮ್‌ವೇರ್ ಎಂಬುದು ವೈಫೈ ಕಾರ್ಡಿನ ಸ್ವಂತ ಚಿಪ್ಪಿನಲ್ಲಿ ಓಡುವ ತುಣುಕು. ಯಂತ್ರ ಶುರುವಾದಾಗಲೆಲ್ಲ ಡ್ರೈವರ್ ಅದನ್ನು ಡಿಸ್ಕಿನಿಂದ ತೆಗೆದು ಕಾರ್ಡಿಗೆ ತುಂಬುತ್ತದೆ. ಈ ಎರಡು ವಾಕ್ಯ ಬರೆದರೆ ಸಾಕು, ‘ಡ್ರೈವರ್’, ‘ಫರ್ಮ್‌ವೇರ್’ ಹಾಗೆಯೇ ಇರಲಿ. ‘ಚಾಲಕ’ ತಪ್ಪು ಪದವಲ್ಲ, ಆದರೆ ಹುಡುಗ ಅಂತರ್ಜಾಲದಲ್ಲಿ ಹುಡುಕುವುದು ತೆರೆಯ ಮೇಲೆ ಕಂಡ ಪದವನ್ನು, ಅದು ಅವನ ಕೈಯಲ್ಲಿರಬೇಕು.

ಡೆಬಿಯನ್ 12ರಿಂದ, ಅಂದರೆ 2023ರಿಂದ, ಮುಕ್ತವಲ್ಲದ ಫರ್ಮ್‌ವೇರ್ ಅಧಿಕೃತ ಅನುಸ್ಥಾಪನಾ ಪ್ರತಿಯಲ್ಲಿಯೇ ಇರುತ್ತದೆ. ಹಳೆಯ ಪೆನ್‌ಡ್ರೈವಿನಿಂದ 11 ಹಾಕಿಕೊಂಡವರಿಗೆ ಮಾತ್ರ ‘ಫರ್ಮ್‌ವೇರ್-ಐಡಬ್ಲ್ಯೂಎಲ್‌ವೈಫೈ’, ‘ಫರ್ಮ್‌ವೇರ್-ರಿಯಲ್‌ಟೆಕ್’ ಪ್ಯಾಕೇಜುಗಳನ್ನು ಕೈಯಾರೆ ಹಾಕುವ ಕೆಲಸ. ನೆಟ್ ಇಲ್ಲದೆ ಹಾಕುವುದು ಹೇಗೆ ಎಂದರೆ, ಫೋನನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಫೋನಿನ ನೆಟ್ ಲ್ಯಾಪ್‌ಟಾಪಿಗೆ ಬರುತ್ತದೆ. ಸಾಮಾನ್ಯವಾಗಿ ಬೇರೆ ಡ್ರೈವರ್ ಏನೂ ಬೇಕಾಗುವುದಿಲ್ಲ. ಈ ಸಾಲನ್ನು ಕೈಪಿಡಿಯ ಮೊದಲ ಪುಟದಲ್ಲಿಯೇ ಹಾಕಿ, ಉಳಿದೆಲ್ಲ ಹೆಜ್ಜೆಗಳು ಇದರ ಮೇಲೆ ನಿಂತಿವೆ. ಬ್ರಾಡ್‌ಕಾಮ್ 43142ರದ್ದು ಬೇರೆ ಪಾಡು. ಅದರ ‘ಡಬ್ಲ್ಯೂಎಲ್’ ಡ್ರೈವರ್ ಪ್ರತಿ ಕರ್ನಲ್ ಬದಲಾದಾಗಲೂ ಹೊಸದಾಗಿ ಕಟ್ಟಿಕೊಳ್ಳಬೇಕು, ಅದಕ್ಕೆ ಆ ಕರ್ನಲ್ಲಿನ ಹೆಡರ್ ಪ್ಯಾಕೇಜ್ ಇರಲೇಬೇಕು. ‘ಅಪ್‌ಡೇಟ್ ಮಾಡಿದ ಮ್ಯಾಲೆ ಕಾಣವಲ್ದು’ ಎಂಬ ದೂರಿಗೆ ಇದೇ ಸಾಮಾನ್ಯ ಕಾರಣ. ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಕಟ್ಟಿದ ಡ್ರೈವರಿಗೆ ಸಹಿ ಬೇಕು. ಮುಂದಿನ ಬೂಟಿನಲ್ಲಿ ಬರುವ ನೀಲಿ ತೆರೆಯಲ್ಲಿ ಕೀಲಿಯನ್ನು ನೋಂದಾಯಿಸದೆ ಮುಂದೆ ಹೋದರೆ ಡ್ರೈವರ್ ಇದ್ದೂ ಓಡುವುದಿಲ್ಲ.

ತಡೆಯ ವಿಷಯ. ‘ಮೆದು’, ‘ಗಡಸು’ ಎಂದರೆ ಓದುಗ ಇವೆರಡೂ ಒಂದೇ ತಡೆಯ ಕಡಿಮೆ-ಹೆಚ್ಚು ಪ್ರಮಾಣಗಳೆಂದು ತಿಳಿದು, ಗಡಸು ತಡೆಗೂ ಅದೇ ಆದೇಶವನ್ನು ಮತ್ತೆ ಮತ್ತೆ ಕೊಡುತ್ತಾನೆ. ವ್ಯತ್ಯಾಸ ಇರುವುದು ತೆಗೆಯುವ ಬಗೆಯಲ್ಲಿ. ‘ಆದೇಶದ ತಡೆ’, ‘ಬಟನ್ ತಡೆ’ ಎಂದು ಬರೆಯಿರಿ. ಮೊದಲನೆಯದು ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಎಂದರೆ ಹೋಗುತ್ತದೆ. ಎರಡನೆಯದು ಪಕ್ಕದ ಜಾರುಬಟನ್ ಅಥವಾ ವಿಮಾನದ ಚಿತ್ರವಿರುವ ಕೀಲಿಯಿಂದ ಸಾಮಾನ್ಯವಾಗಿ ಹೋಗುತ್ತದೆ. ಬಟನ್ನೇ ಇಲ್ಲದ ಕೆಲವು ಲೆನೊವೊ ಐಡಿಯಾಪ್ಯಾಡುಗಳಲ್ಲಿ ‘ಐಡಿಯಾಪ್ಯಾಡ್_ಲ್ಯಾಪ್‌ಟಾಪ್’ ಎಂಬ ಮಾಡ್ಯೂಲ್ (ಕರ್ನಲ್ಲಿಗೆ ಸೇರುವ ತುಣುಕು), ಬಟನ್ ಇಲ್ಲದಿದ್ದರೂ, ಬಟನ್ ತಡೆ ಇದೆಯೆಂದು ತೋರಿಸುತ್ತದೆ. ‘ಮಾಡ್‌ಪ್ರೋಬ್ -ಆರ್’ ಕೊಟ್ಟು ಅದನ್ನು ಇಳಿಸಿ ನೋಡಬೇಕು. ವಿಂಡೋಸ್ ಕೂಡ ಇರುವ ಲ್ಯಾಪ್‌ಟಾಪ್ ಆದರೆ ಅಲ್ಲಿಯ ಫಾಸ್ಟ್ ಸ್ಟಾರ್ಟಪ್ ಆಫ್ ಇರಲಿ. ಅದು ಯಂತ್ರವನ್ನು ಪೂರ್ತಿ ಆರಿಸದೆ ಅರೆನಿದ್ದೆಯಲ್ಲಿ ಬಿಡುವುದರಿಂದ ಲಿನಕ್ಸಿಗೆ ಬಂದಾಗ ಕೆಲವೊಮ್ಮೆ ಕಾರ್ಡ್ ಏಳುವುದಿಲ್ಲ.

‘ಹತ್ತವಲ್ದು’ ಪುಟದಲ್ಲಿ ಮೊದಲು ಬರಬೇಕಾದದ್ದು ಕೀಲಿಮಣೆ. ಕನ್ನಡದಲ್ಲಿ ಟೈಪ್ ಮಾಡುವವರ ಯಂತ್ರದಲ್ಲಿ ವಿನ್ಯಾಸ ಕನ್ನಡದಲ್ಲಿಯೇ ಉಳಿದಿದ್ದರೆ ಪಾಸ್‌ವರ್ಡಿನ ಚುಕ್ಕೆಗಳ ಹಿಂದೆ ಕನ್ನಡ ಅಕ್ಷರಗಳು ಕೂತಿರುತ್ತವೆ. ಕಣ್ಣಿನ ಚಿತ್ರ ಒತ್ತಿ ಅಕ್ಷರ ನೋಡಲು ಹೇಳಿ. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಸೂಪರ್ (ವಿಂಡೋಸ್ ಚಿಹ್ನೆಯ ಕೀಲಿ) ಮತ್ತು ಸ್ಪೇಸ್ ಕೂಡಿಸಿ ಒತ್ತಿದರೆ ವಿನ್ಯಾಸ ಬದಲಾಗುತ್ತದೆ. ಇಂಗ್ಲಿಷಿನಿಂದ ಅನುವಾದವಾದ ಕೈಪಿಡಿಯಲ್ಲಿ ಈ ಹೆಜ್ಜೆ ಇರಲಾರದು, ನಮ್ಮದರಲ್ಲಿ ಇರಬೇಕು.

ಆಮೇಲೆ ‘ಜರ್ನಲ್‌ಸಿಟಿಎಲ್ -ಬಿ -ಯು ಡಬ್ಲ್ಯೂಪಿಎ_ಸಪ್ಲಿಕೆಂಟ್’. ಅದರಲ್ಲಿ ‘ರಾಂಗ್_ಕೀ’ ಅಥವಾ ‘4-ವೇ ಹ್ಯಾಂಡ್‌ಶೇಕ್ ಫೇಲ್ಡ್’ ಎಂದಿದ್ದರೆ ಪಾಸ್‌ವರ್ಡ್ ತಪ್ಪು ಎಂದು ತೀರ್ಮಾನಿಸುವುದು ಸಹಜ. ಆದರೆ ಸಿಗ್ನಲ್ ದುರ್ಬಲವಾಗಿ, ಕಾರ್ಡ್ ಮತ್ತು ರೂಟರ್ ಕೀಲಿ ಪರೀಕ್ಷಿಸಲು ಹಂಚಿಕೊಳ್ಳುವ ನಾಲ್ಕು ಸಂದೇಶಗಳಲ್ಲಿ ಒಂದು ಕಳೆದುಹೋದರೂ ಇದೇ ಸಾಲು ಬರುತ್ತದೆ, ತೆರೆ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಹಾಗಾಗಿ ರೂಟರಿನ ಹತ್ತಿರ ಹೋಗಿ ಒಮ್ಮೆ ನೋಡದೆ ಪಾಸ್‌ವರ್ಡ್ ಬದಲಿಸಬಾರದು. ರೂಟರ್ ವೈಫೈ ಭದ್ರತೆಯ ಹೊಸ ವಿಧಾನವಾದ ಡಬ್ಲ್ಯೂಪಿಎ3ಗೆ ಮಾತ್ರ ಇದ್ದರೆ ಹಳೆಯ ಕಾರ್ಡುಗಳು ಹತ್ತಂಗಿಲ್ಲ. ರೂಟರಿನಲ್ಲಿ 2 ಮತ್ತು 3 ಬೆರೆತ ವಿಧಾನ ಆರಿಸಬೇಕು. ಹಾಸ್ಟೆಲ್ಲಿನಲ್ಲಿ ಮ್ಯಾಕ್ ವಿಳಾಸ (ಕಾರ್ಡಿನ ಸ್ವಂತ ಗುರುತು) ನೋಂದಾಯಿಸಿ ಬಿಡುವ ಪದ್ಧತಿ ಇದ್ದರೆ, ಆ ಜಾಲದ ಸೆಟ್ಟಿಂಗಿನಲ್ಲಿ ‘ಕ್ಲೋನ್ಡ್ ಅಡ್ರೆಸ್’ ಎಂಬುದು ‘ರಾಂಡಮ್’ ಆಗಿರಬಾರದು, ‘ಪರ್ಮನೆಂಟ್’ ಇರಲಿ.

‘ನೆಟ್ ಬರವಲ್ದು’. ಇಲ್ಲಿ ಅಂಕಿ 70ರಲ್ಲಿ ನಿಂತು ಬೀಳುತ್ತಿದ್ದರೆ ರೂಟರ್ ವಿಳಾಸ ಕೊಟ್ಟಿಲ್ಲ. ಸಣ್ಣ ರೂಟರ್ ಹಂಚಬಲ್ಲ ವಿಳಾಸಗಳಿಗೆ ಮಿತಿ ಇದೆ. ಸಾಮಾನ್ಯ ವಿನ್ಯಾಸದಲ್ಲಿ ಒಟ್ಟು 254 ದಾಟುವುದಿಲ್ಲ, ಅನೇಕ ಕಡೆ ಅದಕ್ಕಿಂತ ಕಡಿಮೆಗೆ ಕಟ್ಟಿರುತ್ತಾರೆ. ಒಮ್ಮೆ ಕೊಟ್ಟ ವಿಳಾಸವನ್ನು 24 ಗಂಟೆ ಹಿಡಿದಿಡುವಂತೆ ಇದ್ದರೆ, ಬಂದು ಹೋದ ಫೋನುಗಳೆಲ್ಲ ವಿಳಾಸ ಹಿಡಿದುಕೊಂಡು ಹೊಸಬರಿಗೆ ಉಳಿಯುವುದಿಲ್ಲ. ಅವಧಿಯನ್ನು 2 ಗಂಟೆಗೆ ಇಳಿಸುವುದು ಪರಿಹಾರ. 100 ಮುಟ್ಟಿಯೂ ನೆಟ್ ಬರದಿದ್ದರೆ ಮೂರು ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಸಂದೇಶ), ಇದೇ ಕ್ರಮದಲ್ಲಿ: ‘ಐಪಿ ರೂಟ್’ ತೋರಿಸುವ ಗೇಟ್‌ವೇ ವಿಳಾಸಕ್ಕೆ (ಅಂದರೆ ರೂಟರಿಗೆ), ಆಮೇಲೆ ಹೊರಗಿನ 1.1.1.1ಕ್ಕೆ, ಆಮೇಲೆ ಯಾವುದಾದರೂ ಜಾಲತಾಣದ ಹೆಸರಿಗೆ. ಮೊದಲನೆಯದೇ ಬಾರದಿದ್ದರೆ ತೊಂದರೆ ವೈಫೈನಲ್ಲಿ. ಎರಡನೆಯದು ಬಾರದಿದ್ದರೆ ರೂಟರಿನ ಆಚೆ, ಲಿನಕ್ಸನ್ನು ಮುಟ್ಟಬೇಡಿ. ಮೂರನೆಯದು ಮಾತ್ರ ಬಾರದಿದ್ದರೆ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ಕೆಟ್ಟಿದೆ. ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ನೋಡಿ. ಕಾಲೇಜಿನ ಲಾಗಿನ್ ಪುಟ ತೆರೆಯದಿದ್ದರೆ ಎಚ್‌ಟಿಟಿಪಿಎಸ್ ಅಲ್ಲದ, ಸಾದಾ ಎಚ್‌ಟಿಟಿಪಿ ಪುಟವೊಂದಕ್ಕೆ ಹೋಗಬೇಕು, ಆಗಲೇ ರೂಟರ್ ಅದನ್ನು ಲಾಗಿನ್ ಕಡೆ ತಿರುಗಿಸಬಲ್ಲದು. ಹಳೆಯ ಲ್ಯಾಪ್‌ಟಾಪ್ ಆದರೆ ತಾರೀಕನ್ನೂ ನೋಡಿ: ಮದರ್‌ಬೋರ್ಡಿನ ಸಣ್ಣ ಸೆಲ್ ಸತ್ತು ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ಯಾವ ಭದ್ರತಾ ಪ್ರಮಾಣಪತ್ರವೂ ಒಪ್ಪಿಗೆಯಾಗುವುದಿಲ್ಲ.

‘ಹತ್ತತೈತಿ, ಬಿಡತೈತಿ’. ಬಿಡುವುದು ಹೊತ್ತು ಗೊತ್ತಿಲ್ಲದೆ ಆದರೆ ವಿದ್ಯುತ್ ಉಳಿತಾಯವನ್ನು ಮೊದಲು ತೆಗೆಯಿರಿ. ಉಬುಂಟುವಿನಲ್ಲಿ ನೆಟ್‌ವರ್ಕ್‌ಮ್ಯಾನೇಜರಿನ ‘ಡಿಫಾಲ್ಟ್-ವೈಫೈ-ಪವರ್‌ಸೇವ್-ಆನ್’ ಎಂಬ ಕಡತದಲ್ಲಿ ‘ವೈಫೈ.ಪವರ್‌ಸೇವ್ = 3’ ಇರುತ್ತದೆ; 3 ಎಂದರೆ ಆನ್, 2 ಎಂದರೆ ಆಫ್. 0 ಹಾಕಿದರೆ ಆಫ್ ಆಗುತ್ತದೆಂದು ತಿಳಿಯುವವರಿದ್ದಾರೆ, ಆಗುವುದಿಲ್ಲ. ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಚುಚ್ಚಿದಾಗ ಮಾತ್ರ ಬಿಡುತ್ತಿದ್ದರೆ ಅದರ ರೇಡಿಯೊ ಸದ್ದು 2.4 ಗಿಗಾಹರ್ಟ್ಸ್ ಮೇಲೆ ಬೀಳುತ್ತಿದೆ. 5ಕ್ಕೆ ಹೋಗಿ, ಇಲ್ಲವೇ ಡಿಸ್ಕನ್ನು ಉದ್ದ ಕೇಬಲ್ಲಿನಲ್ಲಿ ದೂರವಿಡಿ.

ಸೇರಿಕೆ (ಹಾವೇರಿಯಿಂದ)

ಧಾರವಾಡದ ಸರ್ ಬರೆದದ್ದಕ್ಕೆ ನನ್ನ ಸಹಮತವಿದೆ, ಒಂದು ತಿದ್ದುಪಡಿಯೊಂದಿಗೆ. ಕೈಪಿಡಿ ಮುಂದೆ ಮೈಸೂರು, ಮಂಗಳೂರು ಕಡೆ ಹೋದರೆ ‘ಹತ್ತು’ ಜಾಗದಲ್ಲಿ ‘ಸೇರು’ ಇಡಬಹುದು: ಜಾಲ ಕಾಣುತ್ತಿಲ್ಲ, ಜಾಲಕ್ಕೆ ಸೇರುತ್ತಿಲ್ಲ, ನೆಟ್ ಬರುತ್ತಿಲ್ಲ, ಸೇರಿ ಸೇರಿ ಬಿಡುತ್ತಿದೆ. ನಾಲ್ಕು ಕ್ರಿಯಾಪದ ನಾಲ್ಕಾಗಿಯೇ ಉಳಿದರೆ ಸಾಕು.

ಸರ್ ಮುಟ್ಟದೆ ಬಿಟ್ಟ ‘ರೇಂಜ್’ ಮತ್ತು ‘ಟವರ್’. ‘ಟವರ್ ಇಲ್ಲ’ ಎಂಬುದನ್ನು ಫೋನಿಗೇ ಬಿಡಿ. ವೈಫೈಗೆ ಹಾಗೆಂದರೆ ಓದುಗನ ಗಮನ ಕಂಪನಿಯ ಕಂಬದ ಕಡೆ ಹೋಗುತ್ತದೆ, ಹೋಗಬೇಕಾದದ್ದು ಪಕ್ಕದ ಕೋಣೆಯ ರೂಟರಿನ ಕಡೆ. ‘ರೇಂಜ್’ ನಡೆಯುತ್ತದೆ, ಆದರೆ ಅಂಕಿ ಹೇಳುವಾಗ ‘ಸಿಗ್ನಲ್’ ಎಂದೇ ಬರೆಯಿರಿ. ‘ಐಡಬ್ಲ್ಯೂ ಡೆವ್’ ಎಂದು ಬರೆದು, ಕಾರ್ಡಿನ ಹೆಸರು ಸೇರಿಸಿ, ‘ಲಿಂಕ್’ ಕೊಟ್ಟರೆ ಸಿಗ್ನಲ್ ಡಿಬಿಎಂ ಎಂಬ ಶಕ್ತಿಯ ಅಳತೆಯಲ್ಲಿ ಬರುತ್ತದೆ, ಋಣ ಸಂಖ್ಯೆಯಾಗಿ. -50 ಒಳ್ಳೆಯದು, -70 ಅಂಚು, -80ರಲ್ಲಿ ಹತ್ತಿದರೂ ನಿಲ್ಲುವುದಿಲ್ಲ. ‘ಸಿಗ್ನಲ್ ಹೆಚ್ಚಿದೆ’ ಎಂದು ಬರೆದರೆ 80 ದೊಡ್ಡದೆಂದು ಓದುಗ ತಪ್ಪು ತಿಳಿಯುತ್ತಾನೆ. ‘ಸೊನ್ನೆಗೆ ಸಮೀಪ ಬಂದಷ್ಟೂ ಬಲ’ ಎಂಬ ವಾಕ್ಯ ಹಾಕಿ. ಮೂರು ಡಿಬಿ ಇಳಿದರೆ ಶಕ್ತಿ ಅರ್ಧವಾಗುತ್ತದೆ ಎಂಬುದನ್ನೂ ಸೇರಿಸಿದರೆ ಒಂದು ದಪ್ಪ ಗೋಡೆಯ ಬೆಲೆ ಅವರಿಗೆ ತಿಳಿಯುತ್ತದೆ.

ಗೆರೆಗಳು ತುಂಬಿದ್ದರೂ ನೆಟ್ ಎಳೆಯುವುದಿಲ್ಲ ಎಂಬ ದೂರು ಧಾರವಾಡದ ಸಪ್ತಾಪುರದಂಥ ಕಡೆ ಸಹಜ. ಪಿಜಿ, ಓದುಕೋಣೆ, ತರಬೇತಿ ಕೇಂದ್ರಗಳ ರೂಟರುಗಳು ಅಲ್ಲಿ ಒಂದಕ್ಕೊಂದು ಒತ್ತಿಕೊಂಡಿವೆ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ಲುಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಒಂದೊಂದು ಬಳಸುವ ಅಗಲ 20. ಅದಕ್ಕೇ 1, 6, 11 ಒಂದರ ಮೇಲೊಂದು ಬೀಳದೆ ಇರಬಲ್ಲವು. ಖಾಲಿ ಕಂಡಿತೆಂದು 3 ಆರಿಸಿದವನು 1ಕ್ಕೂ 6ಕ್ಕೂ ಅಡ್ಡ ಬರುತ್ತಾನೆ, ತಾನೂ ಕೆಡುತ್ತಾನೆ. ಇದಕ್ಕೆ ‘ಸಿಗ್ನಲ್ ಇಲ್ಲ’ ಎನ್ನಬಾರದು, ‘ಗದ್ದಲ’ ಎನ್ನಿ.

‘ಕರೆಂಟ್ ಹೋಗಿ ಬಂದ ಮ್ಯಾಲೆ ಕಾಣವಲ್ದು’ ಎಂಬುದಕ್ಕೆ ಪ್ರತ್ಯೇಕ ಉಪಶೀರ್ಷಿಕೆ ಬೇಕು. ರೂಟರ್ ಮತ್ತೆ ಶುರುವಾದಾಗ ಚಾನೆಲ್ಲನ್ನು ತಾನೇ ಆರಿಸುವ ಸೆಟ್ಟಿಂಗ್ ಇದ್ದರೆ 12 ಅಥವಾ 13ಕ್ಕೆ ಹೋಗಬಹುದು. ಭಾರತದಲ್ಲಿ 13ರವರೆಗೆ ಅವಕಾಶವಿದೆ. ಲ್ಯಾಪ್‌ಟಾಪಿನ ದೇಶದ ಸೆಟ್ಟಿಂಗ್ ಅಮೆರಿಕ ಎಂದಿದ್ದರೆ 11ಕ್ಕೇ ನಿಲ್ಲುತ್ತದೆ, ಹೆಸರು ಪಟ್ಟಿಗೆ ಬರುವುದಿಲ್ಲ, ಫೋನಿನಲ್ಲಿ ಮಾತ್ರ ಕಾಣುತ್ತಿರುತ್ತದೆ. ‘ಐಡಬ್ಲ್ಯೂ ರೆಗ್ ಗೆಟ್’ ನೋಡಿ, ‘ಐಡಬ್ಲ್ಯೂ ರೆಗ್ ಸೆಟ್ ಐಎನ್’ ಕೊಡಿ. ಇಂಟೆಲ್ಲಿನ ಹೊಸ ಕಾರ್ಡುಗಳು ದೇಶವನ್ನು ತಾವೇ ನಿರ್ಧರಿಸುವುದರಿಂದ ಈ ಆದೇಶಕ್ಕೆ ಬಗ್ಗುವುದಿಲ್ಲ. ಅಲ್ಲಿ ರೂಟರನ್ನೇ 1, 6, 11ರಲ್ಲಿ ಒಂದಕ್ಕೆ ಕಟ್ಟಿಹಾಕಬೇಕು. 5 ಗಿಗಾಹರ್ಟ್ಸ್ ಹೆಸರು ತಡವಾಗಿ ಬಂದರೆ ಗಾಬರಿ ಬೇಡ. ರೇಡಾರ್ ಇದೆಯೇ ಎಂದು ಕೇಳಿಸಿಕೊಳ್ಳಬೇಕಾದ ಚಾನೆಲ್ ಆಗಿದ್ದರೆ ರೂಟರ್ ಕನಿಷ್ಠ 60 ಸೆಕೆಂಡ್ ಸುಮ್ಮನಿದ್ದು ಆಮೇಲೆಯೇ ಹೆಸರು ಸಾರುತ್ತದೆ.

ಕೊನೆಯದಾಗಿ ಅಚ್ಚಿನ ಮಾತು. ಡಿಟಿಪಿ ಮಾಡುವವರಿಗೆ ಆದೇಶದ ಸಾಲುಗಳನ್ನು ಎಲ್ಲ ಅಕ್ಷರಕ್ಕೂ ಒಂದೇ ಅಗಲವಿರುವ ಫಾಂಟಿನಲ್ಲಿ ಹಾಕಲು ಹೇಳಿ, ಸಾಲಿನ ತುದಿಯಲ್ಲಿ ಒಡೆಯದಂತೆ ನೋಡಿಕೊಳ್ಳಿ. ಪುಟ ಕಟ್ಟುವ ತಂತ್ರಾಂಶ ಎರಡು ಸಣ್ಣ ಅಡ್ಡಗೆರೆಗಳನ್ನು ಕೂಡಿಸಿ ಒಂದು ಉದ್ದಗೆರೆ ಮಾಡಿಬಿಡುತ್ತದೆ, ಆ ಆದೇಶ ಯಂತ್ರದಲ್ಲಿ ನಡೆಯುವುದಿಲ್ಲ. ‘ಡಬ್ಲ್ಯೂಎಲ್‌ಪಿ2ಎಸ್0’ ಎಂಬ ಕಾರ್ಡಿನ ಹೆಸರಿನಲ್ಲಿ ಎರಡನೆಯದು ಎಲ್ ಅಕ್ಷರ, ಅಂಕಿ ಒಂದು ಅಲ್ಲ. ಕೊನೆಯದು ಸೊನ್ನೆ, ಓ ಅಕ್ಷರ ಅಲ್ಲ. ಇದನ್ನು ಕರಡು ತಿದ್ದುವವರಿಗೂ ಓದುಗರಿಗೂ ಒಂದು ಸಾಲಿನಲ್ಲಿ ತಿಳಿಸಿ, ಪ್ರತಿ ಯಂತ್ರದಲ್ಲಿ ಈ ಹೆಸರು ಬೇರೆ ಇರಬಹುದು, ‘ಎನ್‌ಎಂಸಿಎಲ್‌ಐ ಡಿವೈಸ್’ ಕೊಟ್ಟು ತಮ್ಮದನ್ನು ನೋಡಿಕೊಳ್ಳಬೇಕು ಎಂದೂ ಸೇರಿಸಿ.